ಮೂರು ಕಲ್ಲಿನ ಒಲೆಗೆ ನಮಸ್ಕಾರ

ನಮ್ಮಜ್ಜಿ ಊದಿದ ಒಲೆಯನ್ನೇ ನಮ್ಮವ್ವ ಊದಿದಳು, ಈಗ ನನ್ನ ಹೆಂಡತಿ ಊದುತ್ತಿದ್ದಾಳೆ. ನಾನೊಬ್ಬ ಊದಿಲ್ಲ, ಹಾಗಾಗಿ ಅದರ ಗುಣವನ್ನು ಪಕ್ಷಪಾತವಿಲ್ಲದೆ ಹೇಳಬಲ್ಲೆ.

ಮೂರು ಕಲ್ಲಿನ ಒಲೆಯಂಥ ಧಾರಾಳಿ ಇನ್ನೊಂದಿಲ್ಲ. ಸೌದೆಯ ಕಾವಿನಲ್ಲಿ ನೂರಕ್ಕೆ ಹತ್ತು ಪಾಲು ಪಾತ್ರೆಗೆ ಮುಟ್ಟಿಸಿದರೆ ಹೆಚ್ಚು. ಮಿಕ್ಕಿದ್ದೆಲ್ಲ ಗೋಡೆಗೆ, ಗಾಳಿಗೆ, ಪಕ್ಕದಲ್ಲಿ ಮಲಗಿದ ಬೆಕ್ಕಿಗೆ ದಾನ. ಹೊಗೆಯನ್ನಂತೂ ಪರರಿಗೆ ಕೊಡದೆ ಮನೆಯವರಿಗೇ ಹಂಚುತ್ತದೆ. ಜಂತಿಗೆ ಇಲ್ಲಣ ಹಿಡಿದು ಎಣ್ಣೆ ಬಳಿದಂತೆ ಮಿರುಗುತ್ತದೆ, ಪೇಂಟಿನ ಖರ್ಚಿಲ್ಲ. ಹೆಂಡತಿಯ ಕಣ್ಣಲ್ಲಿ ಸದಾ ನೀರಿರುವುದರಿಂದ ಯಾಕೆ ಅಳುತ್ತೀ ಎಂದು ಕೇಳುವ ಉಪದ್ರವವೂ ನನಗಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ನಮ್ಮ ಮನೆಯಲ್ಲಿ ಬರೀ ಕೆಮ್ಮು.

ಇಂಥ ಒಲೆಗೆ ಸಂಚಕಾರ ತಂದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಅಲ್ಲಿ ಕಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಿಂದ ಅಸ್ತ್ರ ಒಲೆ ಹುಟ್ಟಿತು. ಬೆಂಕಿಗೆ ಮುಚ್ಚಿದ ಗೂಡು, ಗಾಳಿಯಾಡಲು ಜಾಲರಿ, ಒಂದರ ಹಿಂದೊಂದು ಮೂರು ಪಾತ್ರೆ, ಕೊನೆಗೆ ಹೊಗೆಕೊಳವೆ. ಮುಂದೆ ಮುದ್ದೆ ಬೇಯುವಾಗಲೇ ಅದರ ಹಿಂದೆ ಸಾರು, ಸಾರಿನ ಹಿಂದೆ ಬಿಸಿನೀರು. ನೂರರಲ್ಲಿ ಮೂವತ್ತಕ್ಕೂ ಮಿಕ್ಕ ಕಾವು ಪಾತ್ರೆಗೇ! ಇಷ್ಟು ಜಿಪುಣತನ ಮನೆಗೆ ಶ್ರೇಯಸ್ಸಲ್ಲ. ನಮ್ಮೂರಲ್ಲೂ ಒಂದು ಮನೆಯಲ್ಲಿ ಕಟ್ಟಿದ್ದರು. ಕೊಳವೆಯಲ್ಲಿ ಮಸಿ ಕಟ್ಟಿತು. ಸೂರು ಹತ್ತಿ ಮಸಿ ಕೆಡವುವುದು ಗಂಡಸರ ಕೆಲಸವೆಂದು ಗೊತ್ತಾದ ಮೇಲೆ ಆ ಒಲೆಯಲ್ಲಿ ಕೋಳಿ ಕಾವಿಗೆ ಕೂತಿತು.

ಸೌದೆ ಕಡಿಮೆ ಸಾಕೆಂದರೆ ಕಾಡಿನ ಗತಿ? ಬಂಡೀಪುರದ ಅಂಚಿನ ನಮ್ಮ ಹೆಂಗಸರು ನಸುಕಿಗೇ ಸಿಂಬೆ, ಮಚ್ಚು ಹಿಡಿದು ಹೊರಡುತ್ತಾರೆ. ಲಂಟಾನದ ಮರೆಯಲ್ಲಿ ಆನೆ ನಿಂತಿರುತ್ತದೆ. ಇವರು ಬಾರದಿದ್ದರೆ ಅದಕ್ಕೆ ಮನುಷ್ಯರ ಪರಿಚಯವಾಗುವುದು ಹೇಗೆ? ಎಳೆಯ ಮರ ಕಡಿದಷ್ಟೂ ಕಾಡು ಬಯಲಾಗಿ, ಜಿಂಕೆಗೆ ಅಡಗುವ ತಾಪತ್ರಯ ತಪ್ಪುತ್ತದೆ. ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ-ಸೇನಾನಿಯವರ ‘ನಮ್ಮ ಸಂಘ’ ಸುತ್ತಲಿನ ಊರುಗಳಿಗೆ ಗ್ಯಾಸ್ ಕೊಡಿಸಿ ಎಷ್ಟೋ ಮನೆಯವರಿಗೆ ಆನೆಯ ಭೇಟಿಯ ಭಾಗ್ಯ ಇಲ್ಲದಂತೆ ಮಾಡಿತು.

ನಮ್ಮಲ್ಲೂ ಸಿಲಿಂಡರ್ ಇದೆ. ನೆಂಟರು ಬಂದಾಗ ಹಚ್ಚುತ್ತೇವೆ. ದಿನಾ ಹಚ್ಚಲು ದುಡ್ಡೇನು ಮರದಲ್ಲಿ ಬಿಡುತ್ತದೆಯೇ? ಸೌದೆಯಾದರೆ ಬಿಟ್ಟಿ. ಹೊರುವವಳ ಕೂಲಿಯನ್ನು ನಮ್ಮ ವಂಶದಲ್ಲಿ ಯಾರೂ ಲೆಕ್ಕ ಹಾಕಿದವರಲ್ಲ.

ಇಷ್ಟು ಬರೆಯುವ ಹೊತ್ತಿಗೆ ಕಾಫಿ ಬರಬೇಕಿತ್ತು. ಸೌದೆಗೆ ಹೋದವಳು ಇನ್ನೂ ಬಂದಿಲ್ಲ.