ಓ ಶೆಟ್ಟಿ! ಮುಂಬಯಿಯ ಒಂದು ಕುಲನಾಮದ ಮೂಲ, ಪ್ರಸಾರ ಹಾಗೂ ಪ್ರತಾಪಗಳ ಶಾಸ್ತ್ರೀಯ ವಿವೇಚನೆ

ಐರ್ಲೆಂಡಿನವರಿಗೆ ತಮ್ಮ ಮನೆತನದ ಹೆಸರುಗಳ ಬಗ್ಗೆ ಇರುವ ಜಂಬ ಅಷ್ಟಿಷ್ಟಲ್ಲ. ಯುರೋಪಿನಲ್ಲಿ ವಂಶದ ಹೆಸರು ಇಟ್ಟುಕೊಂಡವರಲ್ಲಿ ತಾವೇ ಮೊದಲಿಗರು ಎನ್ನುತ್ತಾರೆ; ಸಾಕ್ಷಿಗೆ ಕ್ರಿ.ಶ. 916ರಲ್ಲಿ ತೀರಿಕೊಂಡ, ಗಾಲ್ವೇ ಸೀಮೆಯ ಓ ಕ್ಲೇರಿ ಎಂಬ ದೊರೆಯನ್ನು ಎಬ್ಬಿಸಿ ಕರೆತರುತ್ತಾರೆ. ಅವರಲ್ಲಿ ‘ಮ್ಯಾಕ್’ ಅಂದರೆ ಮಗ, ‘ಓ’ ಅಂದರೆ ಮೊಮ್ಮಗ. ಓ’ಬ್ರಯನ್, ಓ’ಕಾನರ್, ಓ’ನೀಲ್ ಎಲ್ಲರೂ ಯಾರದೋ ಮೊಮ್ಮಕ್ಕಳು. ಇದನ್ನೆಲ್ಲ ಹೇಳುವ ಅಲ್ಲಿನ ವಿದ್ವಾಂಸರಲ್ಲಿ ಒಬ್ಬರಾದರೂ ಬೆಳಿಗ್ಗೆ ಏಳೂವರೆಗೆ ಅಂಧೇರಿ ಸ್ಟೇಷನ್ನಿನ ಆಸುಪಾಸಿನ ಉಡುಪಿ ಹೋಟೆಲಿಗೆ ಬಂದು ಕೂತಿದ್ದರೆ ಅವರ ಶಾಸ್ತ್ರಕ್ಕೊಂದು ಹೊಸ ಅಧ್ಯಾಯ ದಕ್ಕುತ್ತಿತ್ತು. “ಓ ಶೆಟ್ಟೀ!” ಎಂದು ಮೂಲೆಯ ಮೇಜಿನಿಂದ ಗುಜರಾತಿ ಗಿರಾಕಿ ಕೂಗುತ್ತಾನೆ. ಶಬ್ದ ಅದೇ, ಪ್ರತ್ಯಯ ಅದೇ. ಅಲ್ಲಿ ‘ಓ’ ಅಂದರೆ ಮೊಮ್ಮಗ. ಇಲ್ಲಿ ‘ಓ’ ಅಂದರೆ ಇನ್ನೊಂದು ಸಲ ಚಟ್ನಿ ಹಾಕು.

ಈ ಮಹತ್ವದ ಸಾಮ್ಯವನ್ನು ಇದುವರೆಗೆ ಯಾರೂ ಗಮನಿಸಿಲ್ಲವಾದ್ದರಿಂದ ಪ್ರಸ್ತುತ ಪ್ರಬಂಧ ಅನಿವಾರ್ಯವಾಯಿತು.

ಮೊದಲು ವ್ಯುತ್ಪತ್ತಿ. ಸಂಸ್ಕೃತದ ‘ಶ್ರೇಷ್ಠಿ’ ಪಾಳಿಯಲ್ಲಿ ‘ಸೇಟ್ಠಿ’ಯಾಗಿ, ನಮ್ಮ ಶಾಸನಗಳಲ್ಲಿ ‘ಸೆಟ್ಟಿ’ಯಾಗಿ, ಉತ್ತರ ಕರ್ನಾಟಕದಲ್ಲಿ ‘ಶೆಟ್ಟರ್’ ಆಗಿ, ತಮಿಳರಲ್ಲಿ ‘ಚೆಟ್ಟಿ’ಯಾಗಿ ನಿಂತಿತು ಎಂಬುದು ಪಂಡಿತರ ಮತ. ಐಹೊಳೆಯ ಐನೂರ್ವರ ವ್ಯಾಪಾರಿ ಸಂಘದ ಶಾಸನಗಳಲ್ಲಿ ಸೆಟ್ಟಿಗಳಿಗೆ ಬರವಿಲ್ಲ. ಅರ್ಥ: ದೊಡ್ಡ ವರ್ತಕ. ಇಷ್ಟಕ್ಕೇ ಮುಗಿಸಿದರೆ ಅದು ಶಾಸ್ತ್ರವಾಗುವುದಿಲ್ಲ, ನಿಘಂಟಾಗುತ್ತದೆ. ಆದ್ದರಿಂದ ಪೂರ್ವಪಕ್ಷಗಳನ್ನು ನೋಡೋಣ.

ಮರಾಠಿ ಪಕ್ಷದ ವಾದ ಹೀಗಿದೆ: ಮರಾಠಿಯಲ್ಲಿ ‘ಶೇತಿ’ ಅಂದರೆ ಬೇಸಾಯ, ‘ಶೇತಕರಿ’ ಅಂದರೆ ರೈತ, ಆದ್ದರಿಂದ ಶೆಟ್ಟಿ ಎಂದರೆ ಬೇಸಾಯಗಾರ. ನಗಬಾರದು. ಕೊಲ್ಲಾಪುರದ ಕಡೆಯ ಕಬ್ಬು ಬೆಳೆಗಾರರ ಮುಖಂಡ, 2009ರಿಂದ 2019ರವರೆಗೆ ಹಾತಕಣಂಗಲೆಯ ಸಂಸದರಾಗಿದ್ದವರ ಹೆಸರು ರಾಜು ಶೆಟ್ಟಿ. ಅವರು ತುಳುನಾಡಿನ ಬಂಟರಲ್ಲ, ಜೈನರು. ಅವರ ಸಂಘಟನೆಯ ಹೆಸರಿನಲ್ಲೇ ಶೇತಕರಿ ಇದೆ. ಒಬ್ಬ ಮನುಷ್ಯನಲ್ಲಿ ಶೇತಿಯೂ ಶೆಟ್ಟಿಯೂ ಹೀಗೆ ಕೂಡಿರುವಾಗ ಭಾಷಾಶಾಸ್ತ್ರ ಎಷ್ಟು ಹೊತ್ತು ತಡೆದೀತು?

ಪಾರಸಿ ಪಕ್ಷ ಇನ್ನೂ ಬಲವಾದದ್ದು. ‘ಜಮ್‌ಶೆಟ್‌ಜಿ’ ಎಂಬ ಶಬ್ದವನ್ನು ಬಿಡಿಸಿದರೆ ಜಮ್, ಶೆಟ್ಟಿ, ಜಿ ಎಂದು ಮೂರು ಪದ. ನಡುವೆ ಕೂತವರು ಯಾರು ಎಂದು ಹೇಳಬೇಕಾಗಿಲ್ಲ. ಜಮ್‌ಶೆಟ್‌ಜಿ ಟಾಟಾ ಹತ್ತಿಗಿರಣಿ, ಉಕ್ಕು ಎಂದೆಲ್ಲ ಓಡಾಡಿದರೂ 1903ರಲ್ಲಿ ಅಪೊಲೊ ಬಂದರಿನಲ್ಲಿ ತೆರೆದದ್ದು ಹೋಟೆಲನ್ನೇ. ರಕ್ತ ಸುಮ್ಮನಿರುತ್ತದೆಯೇ? ಆ ಹೆಸರು ಪರ್ಷಿಯಾದ ಜಮ್‌ಶೇದ್ ಅರಸನಿಂದ ಬಂದದ್ದೆಂದು ಇತಿಹಾಸಕಾರರು ಆಕ್ಷೇಪಿಸುತ್ತಾರೆ. ಆಕ್ಷೇಪಿಸಲಿ. ಅವರಿಗೆ ಬೇರೆ ಕೆಲಸವೇನಿದೆ.

ಸಿದ್ಧಾಂತಕ್ಕೆ ಬರೋಣ. ಈ ಕುಲನಾಮದ ವಿಚಿತ್ರವೆಂದರೆ, ಮುಂಬಯಿಯಲ್ಲಿ ಇದನ್ನು ಹೆಚ್ಚಾಗಿ ಹೊತ್ತು ತಂದ ತುಳುನಾಡಿನ ಬಂಟರು ಮೂಲದಲ್ಲಿ ವರ್ತಕರೇ ಅಲ್ಲ. ಬಂಟ ಎಂದರೆ ಶೂರ, ಯೋಧ. ಗದ್ದೆ, ಗುತ್ತು ಎಂಬ ಯಜಮಾನಿಕೆಯ ಮನೆ, ಕಂಬಳದ ಕೋಣ, ದೈವದ ಚಾಕರಿ: ಇಷ್ಟರಲ್ಲಿ ತಕ್ಕಡಿಗೆ ಎಲ್ಲಿದೆ ಜಾಗ? ಅಡ್ಡಹೆಸರುಗಳಲ್ಲಿ ರೈ, ಹೆಗ್ಡೆ, ಆಳ್ವ, ಭಂಡಾರಿ, ಚೌಟ ಎಲ್ಲವೂ ಇದ್ದವು. ಅವುಗಳ ನಡುವೆ ಶೆಟ್ಟಿ ಮಾತ್ರ ವ್ಯಾಪಾರದ ಅರ್ಥವನ್ನು ಹೊತ್ತುಕೊಂಡು, ವ್ಯಾಪಾರವಿಲ್ಲದೆ, ನೂರಾರು ವರ್ಷ ಕಾದು ಕೂತಿತ್ತು. ಜನರಲ್ ಬೋಗಿಯ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಂತೆ ಹೆಸರು ಮೊದಲೇ ಜಾಗ ಹಿಡಿದಿತ್ತು; ಕಸುಬು ಆಮೇಲೆ ಬಂದು ಕೂತುಕೊಂಡಿತು.

ಕಸುಬು ಬಂದದ್ದು ಹೇಗೆ? ಮಾಟುಂಗದ ಉಡುಪಿ ಊಟ-ತಿಂಡಿಯ ಚರಿತ್ರೆಯ ಮೊದಲ ಪುಟಗಳಲ್ಲಿ ಇರುವ ಹೆಸರು ಶೆಟ್ಟಿಯಲ್ಲ, ನಾಯಕ್. ಎ. ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್ 1942ರದು. ಊರಿನಿಂದ ಸ್ಟೀಮರಿನಲ್ಲೋ ಬಸ್ಸಿನಲ್ಲೋ ಬಂದ ಶೆಟ್ಟಿ ಹುಡುಗರು ಹಗಲು ಹೋಟೆಲಿನಲ್ಲಿ ಮೇಜು ಒರೆಸಿದರು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದರು, ಹೋಟೆಲಿನ ಬೆಂಚಿನ ಮೇಲೇ ಮಲಗಿದರು. ಕ್ಲೀನರ್, ವೇಟರ್, ಮ್ಯಾನೇಜರ್, ಪಾರ್ಟ್ನರ್: ಇದು ಶೆಟ್ಟಿಯ ದಶಾವತಾರದ ಸಂಕ್ಷಿಪ್ತ ಆವೃತ್ತಿ. ಪಾರ್ಟ್ನರಿಗೂ ಮಾಲೀಕನಿಗೂ ನಡುವೆ ‘ಕಂಡಕ್ಟಿಂಗ್’ ಎಂಬ ಒಂದು ಅವಸ್ಥೆ ಇದೆ. ಹೋಟೆಲು ಬೇರೆಯವರದು, ಲೈಸೆನ್ಸು ಅವರದು. ತಿಂಗಳಿಗೆ ಇಷ್ಟು ಎಂದು ಕೊಟ್ಟು ನಡೆಸುವವನು ಇವನು. ಈ ಕಂಡಕ್ಟರಿಗೆ ಟಿಕೆಟ್ಟೂ ಇಲ್ಲ, ಸೀಟಿಯೂ ಇಲ್ಲ, ರಜೆಯಂತೂ ಇಲ್ಲವೇ ಇಲ್ಲ. ಮುಂಬಯಿಯ ಶೆಟ್ಟಿಗಳಲ್ಲಿ ಅನೇಕರು ಮಾಲೀಕತ್ವವನ್ನು ಕಂಡದ್ದು ಈ ಕಿಟಕಿಯಿಂದಲೇ.

1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಒಕ್ಕಲುಗಳು ಡಿಕ್ಲರೇಶನ್ ಕೊಟ್ಟರು, ಗೇಣಿ ನಿಂತಿತು, ಉಳುವವನೇ ಹೊಲದೊಡೆಯನಾದ. ಗುತ್ತಿನ ಮನೆಯ ಚಾವಡಿಯಲ್ಲಿ ಕಂಬ ಉಳಿಯಿತು, ಕಣಜ ಖಾಲಿಯಾಯಿತು. ಮುಂಬಯಿಗೆ ಮೊದಲೇ ಬಂದಿದ್ದ ಮಾವಂದಿರ ವಿಳಾಸಗಳಿಗೆ ಒಮ್ಮೆಲೇ ಬೆಲೆ ಬಂತು. ನ್ಯಾಯವಾಗಿ ನೋಡಿದರೆ ಬಂಟರನ್ನು ವರ್ತಕರನ್ನಾಗಿ ಮಾಡಿ ಆ ಹೆಸರಿಗೆ ಅರ್ಥ ತಂದುಕೊಟ್ಟ ಕೀರ್ತಿಯಲ್ಲಿ ಭೂನ್ಯಾಯಮಂಡಳಿಗೂ ಒಂದು ಪಾಲು ಸಲ್ಲಬೇಕು. ಮಂಡಳಿಯವರು ಇದನ್ನು ಉದ್ದೇಶಿಸಿರಲಿಲ್ಲ ಎಂಬುದು ಬೇರೆ ಮಾತು.

ಇನ್ನು ಒಂದು ವ್ಯಾಕರಣ ಸಮಸ್ಯೆ. ಗಲ್ಲಾದ ಮೇಲೆ ಕೂತ ಶೆಟ್ಟಿಯನ್ನು ಹುಡುಗರು ‘ಸೇಟ್’ ಎನ್ನುತ್ತಾರೆ. ನಮ್ಮವರಾದರೆ ಗೌರವದಿಂದ ‘ಸೇಟ್ರು’. ಈ ಸೇಟ್ ಕೂಡ ಅದೇ ಶ್ರೇಷ್ಠಿಯ ಇನ್ನೊಂದು ಮಗು. 1853ರ ಮೊದಲ ರೈಲಿನ ಹಿಂದೆ ಓಡಾಡಿದ ಮುಂಬಯಿಯ ಮಹನೀಯ ಜಗನ್ನಾಥ ಶಂಕರಶೇಟರ ಬಾಲದಲ್ಲಿ ಇರುವುದೂ ಅದೇ. ಹಾಗಾದರೆ ‘ಶೆಟ್ಟಿ ಸೇಟ್’ ಎಂದರೆ ವರ್ತಕ ವರ್ತಕ. ಕನ್ನಡ ವ್ಯಾಕರಣದಲ್ಲಿ ಇದು ದ್ವಿರುಕ್ತಿ; ಆಧಿಕ್ಯ ತೋರಿಸಲು ಬರುತ್ತದೆ. ಒಂದು ಹೋಟೆಲು ಇದ್ದವನು ಶೆಟ್ಟಿ, ಎರಡನೆಯದು ಆದಮೇಲೆ ಶೆಟ್ಟಿ ಸೇಟ್. ಮೂರನೆಯದು ಆದರೆ ಅವನು ಸಂಘದ ಉಪಾಧ್ಯಕ್ಷನಾಗುತ್ತಾನೆ, ಆಗ ವ್ಯಾಕರಣ ಸಾಲುವುದಿಲ್ಲ. ಅಂದಹಾಗೆ ಮುಂಬಯಿಯ ಬಂಟರ ಸಂಘ 1927ರಷ್ಟು ಹಳೆಯದು. ಅದರ ಭವನ ಇರುವುದು ಕುರ್ಲಾದಲ್ಲಿ. ಕೊಂಕಣ ರೈಲಿನ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬಂದು ನಿಲ್ಲುವುದೂ ಕುರ್ಲಾ ಟರ್ಮಿನಸ್ಸಿನಲ್ಲೇ. ರೈಲು ಸಂಘವನ್ನು ಹುಡುಕಿಕೊಂಡು ಬಂತು ಎಂಬ ನಮ್ಮ ಊಹೆಗೆ ರೈಲ್ವೆಯವರು ಇನ್ನೂ ಸಹಿ ಹಾಕಿಲ್ಲ.

ಐರಿಷರಿಗೂ ಶೆಟ್ಟಿಗಳಿಗೂ ಎರಡು ಭೇದಗಳಿವೆ. ಒಂದನೆಯದು ಫಲಕದ್ದು. ಜಗತ್ತಿನ ಯಾವ ಊರಿನಲ್ಲಾದರೂ ಐರಿಷ್ ಪಬ್ ಎಂದರೆ ಬಾಗಿಲ ಮೇಲೆ ಓ’ ಎಂದು ಶುರುವಾಗುವ ಮನೆತನದ ಹೆಸರು ಹೊಳೆಯುತ್ತದೆ. ಮುಂಬಯಿಯ ಶೆಟ್ಟಿಯ ಹೋಟೆಲಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಕೃಷ್ಣನೋ ಗಣೇಶನೋ ಸಾಯಿಬಾಬಾರೋ ಇರುತ್ತಾರೆ, ಇಲ್ಲವೇ ಉಡುಪಿ ಎಂಬ ಊರು ಇರುತ್ತದೆ. ಶೆಟ್ಟಿ ಎಂಬುದು ಬೋರ್ಡಿಗೆ ಏರುವುದೇ ಅಪರೂಪ. ಅದು ಒಳಗೆ, ಬಡೀಸೋಪಿನ ತಟ್ಟೆ, ಟೂತ್‌ಪಿಕ್ ಡಬ್ಬಿ, ಬಿಲ್ಲು ಚುಚ್ಚುವ ಮೊಳೆ, ಊದಿನಕಡ್ಡಿ ಸಿಕ್ಕಿಸಿದ ಬಾಳೆಹಣ್ಣು ಇವುಗಳ ಹಿಂದೆ ಕೂತಿರುತ್ತದೆ. ಕಣ್ಣು ಗಿರಾಕಿಯ ಮೇಲೆ, ಕಿವಿ ಅಡುಗೆಮನೆಯ ಮೇಲೆ, ಕೈ ಚಿಲ್ಲರೆಯ ಮೇಲೆ.

ಎರಡನೆಯದು ವಂಶದ್ದು. ಐರಿಷರ ಓ-ಮ್ಯಾಕ್‌ಗಳು ಅಪ್ಪನ ಕಡೆಯಿಂದ ಇಳಿಯುತ್ತವೆ. ಬಂಟರದು ಅಳಿಯಸಂತಾನ, ‘ಬರಿ’ ಎಂಬ ಕುಲ ತಾಯಿಯಿಂದ. ಐತಿಹ್ಯ ಹೀಗಿದೆ: ದೇವಪಾಂಡ್ಯ ಹೊಸ ಹಡಗುಗಳನ್ನು ನೀರಿಗಿಳಿಸಲು ಹೊರಟಾಗ ಕುಂಡೋದರನೆಂಬ ಭೂತ ನರಬಲಿ ಕೇಳಿತು. ಹೆಂಡತಿ ತನ್ನ ಮಗನನ್ನು ಕೊಡಲಿಲ್ಲ, ತಂಗಿ ತನ್ನ ಮಗನನ್ನು ಕೊಟ್ಟಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು; ಅವನೇ ಭೂತಾಳಪಾಂಡ್ಯ, ಆಸ್ತಿ ಅಂದಿನಿಂದ ಅಳಿಯನಿಗೆ. ಕಥೆಯಲ್ಲಿ ಹಡಗಿದೆ, ಸರಕಿದೆ, ಬಂಡವಾಳಕ್ಕಾಗಿ ಮನೆಯವರ ಮೇಲೆ ಒತ್ತಡವಿದೆ. ಇದು ವ್ಯಾಪಾರದ ಕಥೆಯಲ್ಲವೇ? ಮೇಲಿನ ಸಿದ್ಧಾಂತಕ್ಕೆ ಇದು ಧಕ್ಕೆ ತರುವುದರಿಂದ ಇಲ್ಲಿಗೇ ಬಿಡುತ್ತೇವೆ.

ಅಡ್ಡಹೆಸರು ಒಂದೇ ಆದಮೇಲೆ ಯಾವ ಶೆಟ್ಟಿ ಎಂದು ತಿಳಿಯುವುದು ಹೇಗೆ? ಅದಕ್ಕೆ ಮದುವೆ ಮನೆಯೇ ಗತಿ. ಹೊಸಬರು ಕೈಕುಲುಕಿದ ತಕ್ಷಣ ಹಿರಿಯರು ತುಳುವಿನಲ್ಲಿ ಕೇಳುತ್ತಾರೆ: “ಇರೆನ ಇಲ್ಲ್ ಓಲು?” ಮನೆ ಎಲ್ಲಿ ಎಂದು. ಇದಕ್ಕೆ ಘಾಟ್‌ಕೋಪರ್ ಎಂದು ಉತ್ತರಿಸುವವನು ದಡ್ಡ. ನಲವತ್ತು ವರ್ಷದಿಂದ ಘಾಟ್‌ಕೋಪರಿನಲ್ಲಿದ್ದರೂ ಮನೆ ಮೂಲ್ಕಿ, ಕಾಪು, ಎರ್ಮಾಳು, ಇನ್ನಾ. ಮುಂದಿನ ಪ್ರಶ್ನೆ ಗುತ್ತಿನದು, ಅದರ ಮುಂದಿನದು ಬರಿಯದು. ನಾಲ್ಕನೆಯ ಪ್ರಶ್ನೆಗೆ ಇಬ್ಬರೂ ಸಂಬಂಧಿಕರಾಗಿರುತ್ತಾರೆ. ಐದನೆಯದು ಕೇಳುವುದಿಲ್ಲ, ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿರುತ್ತಾರೆ, ಕೋರಿ ರೊಟ್ಟಿ ತಣ್ಣಗಾಗುತ್ತದೆ.

ಈಗ ಪ್ರಸಿದ್ಧರ ಪ್ರಕರಣ. ಬೆಂಗಳೂರು, ಅಬುಧಾಬಿ ಶಾಖೆಗಳು ಈ ಪ್ರಬಂಧದ ವ್ಯಾಪ್ತಿಗೆ ಬಾರವು.

ಹಿಂದಿ ಸಿನಿಮಾದಲ್ಲಿ ಆದಿಶೆಟ್ಟಿಯೆಂದರೆ ಎಂ.ಬಿ. ಶೆಟ್ಟಿ. ನುಣ್ಣಗೆ ಬೋಳಿಸಿದ ತಲೆ, ಕೆಂಡದ ಕಣ್ಣು. 1967ರ ‘ಆ್ಯನ್ ಈವನಿಂಗ್ ಇನ್ ಪ್ಯಾರಿಸ್’ ಮುಂತಾದವುಗಳಲ್ಲಿ ನಾಯಕನ ಕೈಯಲ್ಲಿ ಏಟು ತಿಂದರು, ಬೇರೆಯವರು ಹೇಗೆ ಏಟು ತಿನ್ನಬೇಕೆಂದು ಕಲಿಸಿದರು. ಹೋಟೆಲಿನ ಮೇಜು-ಕುರ್ಚಿ ಹಾರಿಸಲು ಹಣ ಪಡೆದ ಶೆಟ್ಟಿ ಬಹುಶಃ ಇವರೊಬ್ಬರೇ. ಉಳಿದವರು ಅವನ್ನು ಸಾಲಾಗಿ ಜೋಡಿಸಿಯೇ ಬದುಕಿದವರು. ಮಗ ರೋಹಿತ್ ಶೆಟ್ಟಿ ಮೇಜು ಸಾಲದೆಂದು ಕಾರುಗಳನ್ನು ಹಾರಿಸುತ್ತಾರೆ.

ಸುನಿಲ್ ಶೆಟ್ಟಿ 1992ರ ‘ಬಲವಾನ್’ನಿಂದ ಬಂದವರು. ತಂದೆ ವೀರಪ್ಪ ಶೆಟ್ಟರು ಸಣ್ಣ ವಯಸ್ಸಿನಲ್ಲಿ ಮುಂಬಯಿಗೆ ಬಂದು ಹೋಟೆಲಿನಲ್ಲಿ ಮೇಜು ಒರೆಸಿ, ಮುಂದೆ ತಾವು ದುಡಿದ ಕಟ್ಟಡಗಳಿಗೇ ಒಡೆಯರಾದದ್ದನ್ನು ಮಗನೇ ಹಲವು ಸಲ ಹೇಳಿದ್ದಾರೆ. ಇಂಗ್ಲಿಷಿನಲ್ಲಿ ಹೆಸರು ಬರೆಯುವಾಗ ಮಗನಿಗೆ ಒಂದು ‘ಇ’ ಹೆಚ್ಚು ಬೇಕೆನಿಸಿತು. ಅದನ್ನು ಸುನಿಲ್‌ಗೆ ಸೇರಿಸಿದರೇ ಹೊರತು ಶೆಟ್ಟಿಯ ತಂಟೆಗೆ ಹೋಗಲಿಲ್ಲ. ಕುಲನಾಮದ ಪಾವಿತ್ರ್ಯಕ್ಕೆ ಇದಕ್ಕಿಂತ ಪ್ರಮಾಣ ಬೇಕೆ?

ಬೇಕಾದರೆ ಇದೆ. 2007ರ ಜನವರಿಯಲ್ಲಿ ಇಂಗ್ಲೆಂಡಿನ ರಿಯಾಲಿಟಿ ಟಿವಿ ಕಾರ್ಯಕ್ರಮವೊಂದರ ಮನೆಯಲ್ಲಿ ಶಿಲ್ಪಾ ಶೆಟ್ಟಿಯ ಅಡ್ಡಹೆಸರು ನೆನಪಾಗದೆ, ಜೇಡ್ ಗುಡಿ ಎಂಬಾಕೆ ‘ಪಪ್ಪಡಂ’ ಎಂದುಬಿಟ್ಟಳು. ಒಂದು ಕುಲನಾಮವನ್ನು ಬಹಿರಂಗವಾಗಿ ಹಪ್ಪಳ ಮಾಡಿದ ಪ್ರಸಂಗ ಇತಿಹಾಸದಲ್ಲಿ ಬೇರೆ ಸಿಗದು. ಆ ಕಾರ್ಯಕ್ರಮದ ಜನಾಂಗ ನಿಂದನೆಯ ವಿರುದ್ಧ 40 ಸಾವಿರಕ್ಕೂ ಹೆಚ್ಚು ದೂರುಗಳು ಹೋದವು, ಸಂಸತ್ತಿನಲ್ಲೂ ಮಾತು ಬಂತು, ತಿಂಗಳ ಕೊನೆಗೆ ಗೆದ್ದವಳು ಶಿಲ್ಪಾ. ಜೇಡ್‌ಳ ಸಂಶೋಧನೆ ಒರಟಾಗಿತ್ತು, ನಿಜ. ದಿಕ್ಕು ಮಾತ್ರ ಥಾಲಿಯ ಕಡೆಗೇ ಇತ್ತು ಎಂದು ವಿಷಾದದಿಂದ ದಾಖಲಿಸಬೇಕಾಗಿದೆ.

ಗಲ್ಲಾದಿಂದ ದೂರ ಹೋದವರೂ ಇದ್ದಾರೆ. 1978ರಲ್ಲಿ ಆಡ್‌ಲ್ಯಾಬ್ಸ್ ಕಟ್ಟಿದ ಮನಮೋಹನ ಶೆಟ್ಟಿ ಫಿಲ್ಮು ತೊಳೆದರು. ಇಂಗ್ಲಿಷ್ ಕವಿ ಮನೋಹರ ಶೆಟ್ಟಿ, ನಮ್ಮ ಸುನೀತಾ ಶೆಟ್ಟಿ ಕವಿತೆ ಬರೆದರು. ಕವಿತೆಗೆ ಬಡೀಸೋಪು ಕೊಡುವ ಪದ್ಧತಿ ಇಲ್ಲದ್ದರಿಂದ ಇವರ ಬಗ್ಗೆ ನಮ್ಮ ಶಾಸ್ತ್ರ ಮೌನವಾಗಿದೆ.

ರಾಜಕೀಯದ ಪ್ರಕರಣದಲ್ಲಿ ಸ್ವಲ್ಪ ನಿಲ್ಲಬೇಕು. 1966ರಲ್ಲಿ ಶಿವಸೇನೆ ಹುಟ್ಟಿದ ಕಾಲದಲ್ಲಿ ಲುಂಗಿಯವರನ್ನು ಓಡಿಸಿ ಎಂಬ ಘೋಷಣೆ ಮೊಳಗಿ, ಉಡುಪಿ ಹೋಟೆಲುಗಳ ಗಾಜು ಒಡೆಯಿತು. ಶೆಟ್ಟಿ ಮಾಡಿದ್ದೇನು? ಗಾಜು ಗುಡಿಸಿದ, ಪ್ಯಾಂಟು ಹಾಕಿದ, ಮರಾಠಿ ಕಲಿತ, ಸಾಂಬಾರಿಗೆ ಗುಜರಾತಿಗಳ ನಾಲಿಗೆಗೆ ತಕ್ಕಂತೆ ಬೆಲ್ಲ ಹಾಕಿದ, ದೋಸೆಯ ಪಕ್ಕದಲ್ಲೇ ಪಾವ್‌ಭಾಜಿ ಇಟ್ಟ, ಆಮೇಲೆ ಶೆಜ್ವಾನ್ ದೋಸೆಯನ್ನೂ ಸೃಷ್ಟಿಸಿದ. (ಶೆಜ್ವಾನಿನ ಮೊದಲಕ್ಷರವೂ ‘ಶೆ’ ಎಂಬುದು ಆಕಸ್ಮಿಕವಲ್ಲ, ಚೀನಾ ಶಾಖೆಯ ಬಗ್ಗೆ ಬೇರೆಯೇ ಬರೆಯಲಾಗುವುದು.) ಅದೇ ಮುಂಬಯಿಯ ಉತ್ತರ ಕ್ಷೇತ್ರದಲ್ಲಿ 2014ರಲ್ಲಿ ಗೋಪಾಲ ಶೆಟ್ಟಿ ಸಂಸದರಾದರು, 2019ರಲ್ಲಿ ನಟಿ ಊರ್ಮಿಳಾ ಮಾತೋಂಡ್ಕರ್ ಅವರನ್ನು 4.65 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆಗ ಶಿವಸೇನೆ ಶೆಟ್ಟರ ಪಕ್ಷದ ಮಿತ್ರಪಕ್ಷವಾಗಿತ್ತು. ಗಾಜಿನ ಲೆಕ್ಕ ಯಾರೂ ಎತ್ತಲಿಲ್ಲ.

ಕೊನೆಯ ಸಮಸ್ಯೆ ಮೂರನೆಯ ತಲೆಮಾರಿನದು. ಶೆಟ್ಟರ ಮಗ ಪವಾಯಿಯಲ್ಲಿ ಓದಿ, ಕೆನಡಾದಲ್ಲಿ ಕೆಲಸ ಹಿಡಿದು, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ಹುದುಗಿದೆಯೇ ಎಂದು ನೋಡಲು ಒಲ್ಲೆ ಎನ್ನುತ್ತಾನೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದಮೇಲೆ ಅಳಿಯಸಂತಾನದ ಕಟ್ಟು ಕಾಗದದಲ್ಲಿ ಸಡಿಲವಾಯಿತು. ಗಲ್ಲಾದಲ್ಲಿ ಅದು ಸದ್ದಿಲ್ಲದೆ ಮರಳಿ ಬಂದಿದೆ. ಶೆಟ್ಟರು ಊರಿಗೆ ಫೋನು ಮಾಡಿ ಅಕ್ಕನ ಮಗನನ್ನು ಕರೆಸುತ್ತಾರೆ. ಅಳಿಯ ಬರುತ್ತಾನೆ, ಭೂತಾಳಪಾಂಡ್ಯನಂತಲ್ಲ, ಬಿಕಾಂ ಮುಗಿಸಿಕೊಂಡು. ಬಂದವನೇ ಬಾಳೆಹಣ್ಣು, ಊದಿನಕಡ್ಡಿಯನ್ನು ಪಕ್ಕಕ್ಕೆ ಸರಿಸಿ ಕ್ಯೂಆರ್ ಕೋಡಿನ ಸ್ಟ್ಯಾಂಡು ಇಡುತ್ತಾನೆ. ಅದರ ಪಕ್ಕದ ಸ್ಪೀಕರ್ ಡಬ್ಬಿ ಇಷ್ಟು ರೂಪಾಯಿ ಬಂತೆಂದು ಹಿಂದಿಯಲ್ಲಿ ಸಾರುತ್ತದೆ. ಬೋರ್ಡಿನಲ್ಲಿ ಇಷ್ಟು ವರ್ಷ ಕಾಣದಿದ್ದ ಕುಲನಾಮ ಈಗ ದುಡ್ಡು ಕೊಡುವ ಪ್ರತಿ ಗಿರಾಕಿಯ ಮೊಬೈಲಿನಲ್ಲೂ, ಇನಿಶಿಯಲ್ ಸಮೇತ, ದೊಡ್ಡಕ್ಷರದಲ್ಲಿ ಮೂಡುತ್ತದೆ. ಹೆಸರು ಮಾತ್ರ ಇನ್ನೂ ಮಾವನದೇ. ಬ್ಯಾಂಕಿನ ಖಾತೆಯನ್ನು ಅವರು ಬಿಟ್ಟುಕೊಟ್ಟಿಲ್ಲ.