ಕವರು ರಾಯರ ಹಲ್ಲು

ನಮ್ಮ ಕುವೆಂಪುನಗರದ ರಾಯರ ಮನೆಯಲ್ಲಿ ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಅಂಗಿ, ಫ್ರಿಜ್ಜಿನ ಹಿಡಿಗೆ ಕಸೂತಿ ಬಟ್ಟೆ. ಸೋಫಾದ ಕವರಿನ ಮೇಲೆ ಹಳೇ ಬೆಡ್‌ಶೀಟು. ಸೋಫಾದ ಬಣ್ಣ ಯಾವುದೆಂದು ಸೊಸೆಗೂ ಗೊತ್ತಿಲ್ಲ. ನೆಂಟರು ಬಂದಾಗಲಾದರೂ ತೆಗೆಯಬಾರದೇ ಎಂದರೆ, "ಅವರು ಬಂದಾಗಲೇ ಅಲ್ವೇನಯ್ಯಾ ಕೊಳೆಯಾಗೋದು?" ಅನ್ನುತ್ತಾರೆ. ಖಜಾನೆ ಇಲಾಖೆಯಲ್ಲಿ ನಿವೃತ್ತರಾದವರು.

ಇಂಥವರು ಹೋದ ವರ್ಷ ಮೂರು ಹಲ್ಲು ಕಟ್ಟಿಸಿಕೊಂಡರು. ತೆಗೆದು ಹಾಕುವ ಸೆಟ್ಟು. ಗುಲಾಬಿ ಬಣ್ಣದ ವಸಡು, ಎರಡು ತಂತಿ ಕೊಕ್ಕೆ. ಫಜೀತಿಯೆಂದರೆ, ರಾಯರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ. ಪಕ್ಕದ ಕೋಣೆಗೆ ರಾಗಿ ಬೀಸಿದ ಹಾಗೆ ಕೇಳುತ್ತದೆ. ಹೊಟ್ಟೆಯಲ್ಲಿ ಹುಳ ಇರಬೇಕೆಂದು ಅವರ ಮನೆಯಾಕೆ ಮೊಮ್ಮಗನ ಜಂತುಹುಳದ ಮಾತ್ರೆಯನ್ನೇ ನುಂಗಿಸಿ ನೋಡಿದರು. ಹುಳದ ಕಥೆ ಏನಾಯಿತೋ, ಬೀಸುವುದು ನಿಲ್ಲಲಿಲ್ಲ. ಸೆಟ್ಟು ಬಿಚ್ಚಿಟ್ಟು ಮಲಗಿ ಎಂದು ಡಾಕ್ಟರು ಹೇಳಿಯೇ ಇದ್ದರು. ಬಾಯಿಗಿಂತ ಭದ್ರವಾದ ಬೀರು ಯಾವುದಿದೆ ಎಂಬುದು ರಾಯರ ವಾದ. ಮೂರೇ ತಿಂಗಳಿಗೆ ಒಂದು ಕೊಕ್ಕೆ ಸೊಟ್ಟಗಾಯಿತು, ಗುಲಾಬಿ ವಸಡಿನಲ್ಲಿ ಕೂದಲೆಳೆಯ ಬಿರುಕು.

ಸ್ಕೂಟರಿನಲ್ಲಿ ನಾನೇ ಕರೆದುಕೊಂಡು ಹೋದೆ. "ನೈಟ್ ಗಾರ್ಡ್ ಮಾಡಿಕೊಡ್ತೀನಿ ಸಾರ್, ಹಲ್ಲಿಗೆ ಕವರಿದ್ದ ಹಾಗೆ" ಎಂದರು ಡಾಕ್ಟರು. ರಾಯರ ಮುಖ ಊರಗಲವಾಯಿತು.

"ಎಷ್ಟು ಮೈಕ್ರಾನು?"

"ಮೈಕ್ರಾನಲ್ಲ, 2 ಮಿಲಿಮೀಟರ್! ಆದ್ರೆ ಇದು ನಿಮ್ಮ ಸ್ವಂತ ಹಲ್ಲಿಗೆ. ಸೆಟ್ಟು ತೆಗೆದ ಮೇಲೆ ಕಡಿಯೋ ಭಾರವೆಲ್ಲ ಅವುಗಳ ಮೇಲೇ ತಾನೆ? ಸೆಟ್ಟು ರಾತ್ರಿಯೆಲ್ಲ ತಣ್ಣೀರಲ್ಲಿರಲಿ. ಒಣಗಿದ್ರೂ ಆಕಾರ ಕೆಡುತ್ತೆ, ಬಿಸಿನೀರು ಹಾಕಿದ್ರೂ ಕೆಡುತ್ತೆ. ವಸಡಿಗೂ ಒಂದಿಷ್ಟು ರಜಾ ಕೊಡಿ, ಇಲ್ದಿದ್ರೆ ಫಂಗಸ್ ಹಿಡಿಯುತ್ತೆ."

ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಗೊಣಗಾಟ: "ದೇವರು ಬಿಟ್ಟಿ ಕೊಟ್ಟಿದ್ದಕ್ಕೆ ಕವರಂತೆ. ದುಡ್ಡು ಸುರಿದು ಮಾಡಿಸಿದ್ದಕ್ಕೆ ತಣ್ಣೀರಂತೆ!" ಖಜಾನೆಯ ಲೆಕ್ಕದಲ್ಲಿ ಅದು ಸರಿಯೇ ಎಂದು ನನಗೂ ಅನ್ನಿಸಿತು.

ಮೊನ್ನೆ ಬೆಳಿಗ್ಗೆ ಪೇಪರು ಕೇಳಲು ಹೋಗಿದ್ದೆ. ಮೇಜಿನ ಮೇಲೆ ಗಾಜಿನ ಲೋಟ, ನೀರೊಳಗೆ ಮೂರು ಹಲ್ಲು. ಲೋಟದ ಬಾಯಿಗೆ ಹಾಲಿನ ಕವರು ಕತ್ತರಿಸಿ ರಬ್ಬರ್ ಬ್ಯಾಂಡ್ ಬಿಗಿದಿದ್ದರು. ಪಕ್ಕದಲ್ಲಿ ಗಾರ್ಡಿನ ಡಬ್ಬಿ. ಡಬ್ಬಿ ಹೊಸದು ನೋಡಿ, ಗೀರು ಬೀಳಬಾರದೆಂದು ಅದಕ್ಕೊಂದು ಕಾಲುಚೀಲ ತೊಡಿಸಿದ್ದರು.

ನಾನು ನೋಡುತ್ತಿದ್ದುದನ್ನು ಗಮನಿಸಿ, "ಒಗೆದದ್ದೇ ಕಣಯ್ಯಾ" ಎಂದರು.