ಎಂಟು ಜನ, ಒಂದು ಹಗ್ಗ

ಸಿಬ್ಬಂದಿಯಲ್ಲಿ ಹೊಣೆಗಾರಿಕೆ ಬೆಳೆಸಬೇಕೆಂದು ಕಂಪನಿಯವರಿಗೆ ಅನ್ನಿಸಿದ ಕೂಡಲೇ ಅವರು ಮಾಡುವ ಮೊದಲ ಕೆಲಸ ಒಂದು ಬಸ್ಸು ಗೊತ್ತುಮಾಡುವುದು. ಬಸ್ಸು ಕನಕಪುರ ರಸ್ತೆಯ ಕಡೆಗೋ ದೇವನಹಳ್ಳಿಯ ಕಡೆಗೋ ಹೋಗಿ ಒಂದು ರೆಸಾರ್ಟಿನ ಮುಂದೆ ನಿಲ್ಲುತ್ತದೆ. ಅಲ್ಲಿ ಲೀಡರ್‌ಶಿಪ್ ಕೋಚ್ ಒಬ್ಬರು ಅಂಗಿಗೆ ಮೈಕ್ ಸಿಕ್ಕಿಸಿಕೊಂಡು ‘ಓನರ್‌ಶಿಪ್ ತಗೊಳ್ಳಿ’ ಎಂದು ಅರವತ್ತು ಜನಕ್ಕೆ ಒಟ್ಟಿಗೆ ಹೇಳುತ್ತಾರೆ. ಅರವತ್ತೂ ತಲೆಗಳು ಆಡುತ್ತವೆ. ಆ ಮಾತು ಪಕ್ಕದ ಕುರ್ಚಿಯವನಿಗೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಊಟವಾದ ಮೇಲೆ, ಒಗ್ಗಟ್ಟು ಹೆಚ್ಚಲಿ ಎಂದು ಹಗ್ಗಜಗ್ಗಾಟ. ಹಗ್ಗದ ಪೂರ್ವಾಶ್ರಮ ಗೊತ್ತಿದ್ದರೆ ಯಾವ ಕೋಚೂ ಅದನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಏಕೆಂದರೆ, ಗುಂಪಿನಲ್ಲಿ ಮನುಷ್ಯನ ಕಸುವು ಎಷ್ಟು ಸೋರಿಹೋಗುತ್ತದೆಂದು ಮೊದಲು ಅಳೆದು ತೋರಿಸಿದ್ದೇ ಹಗ್ಗ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ 19ನೆಯ ಶತಮಾನದ ಕೊನೆಯಲ್ಲಿ ಜನರಿಂದ ಹಗ್ಗ ಎಳೆಸಿದ. 1913ರಲ್ಲಿ ಲೆಕ್ಕ ಪ್ರಕಟಿಸಿದ. ಒಬ್ಬನೇ ಎಳೆಯುವಾಗ ಇದ್ದ ಬಲ, ಎಂಟು ಜನ ಸೇರಿದಾಗ ತಲೆಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಎಂದು ಗಾದೆ ಕಟ್ಟಿಕೊಂಡವರಿಗೆ ಇದೇನು ಹೊಸ ಸುದ್ದಿಯಲ್ಲ. ಎಲ್ಲರೂ ಒಂದೇ ಗಳಿಗೆಗೆ ಎಳೆಯದಿದ್ದರೆ ಬಲ ವ್ಯರ್ಥವಾಗುತ್ತದಲ್ಲ, ಅದಕ್ಕೆ ಸೋಮಾರಿತನದ ಪಟ್ಟ ಯಾಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆಂದೇ ಅಮೆರಿಕದ ಸಂಶೋಧಕರು 1974ರಲ್ಲಿ ಒಂದು ಕಿತಾಪತಿ ಮಾಡಿದರು: ಒಬ್ಬನ ಕಣ್ಣು ಕಟ್ಟಿ ಹಗ್ಗದ ಮುಂದೆ ನಿಲ್ಲಿಸಿದರು, ಹಿಂದಿನವರು ಎಳೆದಂತೆ ನಟಿಸಿದರು. ಎಳೆಯುತ್ತಿದ್ದವನು ಅವನೊಬ್ಬನೇ. ಆದರೂ ಬೆನ್ನ ಹಿಂದೆ ಜನ ಇದ್ದಾರೆಂಬ ನೆಮ್ಮದಿಗೇ ಅವನ ತೋಳು ಸಡಿಲವಾಯಿತು. ನನಗೆ ಇದಕ್ಕಿಂತ ರುಚಿಸಿದ್ದು 1981ರ ಪ್ರಯೋಗ. ಗುಂಪಾಗಿ ಕೂಗಿರೆಂದರೆ ಕಾಲೇಜು ಹುಡುಗರೂ ಅರೆಬರೆ ಕೂಗುತ್ತಾರೆಂದು ಆಗಲೇ ಗೊತ್ತಾಗಿತ್ತು. ಈ ಸಲ ಪ್ರತಿಯೊಬ್ಬರಿಗೂ ಬೇರೆ ಬೇರೆ ಮೈಕ್ ಕೊಟ್ಟು, ನಿಮ್ಮ ನಿಮ್ಮ ದನಿ ನಮಗೆ ಗೊತ್ತಾಗುತ್ತದೆ ಅಂದರು. ಕಳ್ಳಾಟ ನಿಂತುಹೋಯಿತು. ಯಾರ ಸ್ವಭಾವವನ್ನೂ ತಿದ್ದಲಿಲ್ಲ, ಯಾರ ಒಳಗಿನ ನಾಯಕನನ್ನೂ ತಟ್ಟಿ ಎಬ್ಬಿಸಲಿಲ್ಲ. ಮೈಕಿನ ಹಂಚಿಕೆ ಬದಲಾಯಿತು, ಅಷ್ಟೆ. ಎಲ್ಲಾ ಮೈಕನ್ನೂ ಕೋಚ್ ಒಬ್ಬರೇ ಇಟ್ಟುಕೊಂಡಿರುವ ಸಭಾಂಗಣದಲ್ಲಿ ಇದು ಹೊಳೆಯುವುದು ಕಷ್ಟ.

ಹೊಣೆಗಾರಿಕೆ ಮನಸ್ಸಿನ ಗುಣ ಎನ್ನುವುದಕ್ಕಿಂತ ಕೆಲಸದ ಏರ್ಪಾಟು ಎಂಬುದೇ ನನ್ನ ವಾದ. ಮೀಟಿಂಗಿನ ಟಿಪ್ಪಣಿಯಲ್ಲಿ ‘ಟೀಮ್ ನೋಡಿಕೊಳ್ಳುತ್ತದೆ’ ಎಂದು ಬರೆದ ಕ್ಷಣವೇ ಆ ಕೆಲಸ ಅನಾಥ. ಹನ್ನೊಂದು ಜನಕ್ಕೆ ಸಿಸಿ ಹಾಕಿದ ಮೇಲ್‌ಗೆ ಹನ್ನೊಂದು ಜನ ಸಾಕ್ಷಿಗಳಿರುತ್ತಾರೆ, ಮಾಡುವವರಿರುವುದಿಲ್ಲ. ಆ್ಯಪಲ್ ಕಂಪನಿಯಲ್ಲಿ ಪ್ರತಿ ಕೆಲಸದ ಪಕ್ಕದಲ್ಲಿ ಒಬ್ಬರ, ಒಬ್ಬರದೇ, ಹೆಸರು ಬರೆಯುವ ರೂಢಿ ಪ್ರಸಿದ್ಧ. ಮದುವೆಮನೆಯಲ್ಲಿ ಉಗ್ರಾಣದ ಕೀಲಿ ಒಬ್ಬರ ಸೊಂಟದಲ್ಲೇ ಇರುವುದೂ ಇದೇ ಕಾರಣಕ್ಕೆ. ಹೆಸರು ಒಬ್ಬರದಾದರೆ ಕೈಗಳೂ ಎರಡೇ ಆಗಬೇಕೆಂದಿಲ್ಲ. ಹಗ್ಗಕ್ಕೆ ಎಂಟೂ ಜನ ಬರಲಿ, ಹಗ್ಗ ಜಾರಿದರೆ ಯಾರನ್ನು ಕೇಳಬೇಕೆಂಬುದು ಗೊತ್ತಿದ್ದರಾಯಿತು.

ಹೆಸರು ಬರೆದರೆ ಜನ ಹೆದರಿ ತಪ್ಪು ಮುಚ್ಚಿಡುವುದಿಲ್ಲವೇ ಎಂಬ ಆಕ್ಷೇಪವನ್ನು ನಾನು ನಕ್ಕು ತಳ್ಳಿಹಾಕಲಾರೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಶಾಖೆಯ ನೌಕರರಿಗೆ ಗುರಿಯಿತ್ತು: ಗ್ರಾಹಕರಿಗೆ ತಲಾ ಎಂಟು ಬಗೆಯ ಖಾತೆ, ಕಾರ್ಡು, ಸಾಲ. (ಎಂಟಕ್ಕೂ ಹೊಣೆಗೇಡಿತನಕ್ಕೂ ಅದೇನು ನಂಟೋ!) ಗುರಿ ಮುಟ್ಟಲಾಗದವರು ಗ್ರಾಹಕರಿಗೆ ಗೊತ್ತಿಲ್ಲದಂತೆ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರಲ್ಲಿ ಸುಮಾರು 5,300 ನೌಕರರನ್ನು ಮನೆಗೆ ಕಳಿಸಿಯಾಗಿತ್ತು. ಇದು ಹೊಣೆಗಾರಿಕೆ ಅತಿಯಾದ ಕಥೆಯೇ? ಹಾಗೆ ಕಾಣುವುದಿಲ್ಲ. ಕೆಳಗಿನ ಪ್ರತಿ ಖಾತೆಗೂ ಒಂದು ಹೆಸರಿತ್ತು. ಮುಟ್ಟಲಾಗದ ಗುರಿ ಇಟ್ಟವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಮುಖ್ಯಸ್ಥ ರಾಜೀನಾಮೆ ಕೊಟ್ಟದ್ದು ಸೆನೆಟ್ ಸಮಿತಿ ಕೂರಿಸಿಕೊಂಡು ಬೈದ ಮೇಲೆ. ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಕಂಡದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು: ಒಳ್ಳೆಯ ತಂಡಗಳಲ್ಲೇ ಔಷಧಿಯ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿನವರು ಹೆಚ್ಚು ತಪ್ಪುತ್ತಿದ್ದರೆಂದಲ್ಲ, ಹೇಳಿಕೊಳ್ಳಲು ಅಂಜುತ್ತಿರಲಿಲ್ಲ. ಹೆಸರು ಬರೆದವರು ಕೋಲು ಹಿಡಿದು ನಿಂತರೆ ವೆಲ್ಸ್ ಫಾರ್ಗೋ, ಕಿವಿಗೊಟ್ಟು ಕೂತರೆ ಎಡ್ಮಂಡ್‌ಸನ್ ಕಂಡ ಆಸ್ಪತ್ರೆ.

ಹಾಗಾದರೆ ಕೋಚ್‌ಗಳೇ ದಂಡವೇ? ಅಷ್ಟು ದೂರ ಹೋಗಲು ಬಿಲ್ ಕ್ಯಾಂಪ್‌ಬೆಲ್ ಬಿಡುವುದಿಲ್ಲ. ಸ್ಟೀವ್ ಜಾಬ್ಸ್, ಗೂಗಲ್‌ನ ಎರಿಕ್ ಶ್ಮಿಟ್ ಅಂಥವರು ಕಿವಿಗೊಟ್ಟ ಈ ಮನುಷ್ಯ ಮೊದಲು ಕೊಲಂಬಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಕೋಚ್. ಅಲ್ಲಿ ಅವನ ಸಾಧನೆ 12 ಗೆಲುವು, 41 ಸೋಲು, ಒಂದು ಡ್ರಾ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದೇ ಈ ಲೆಕ್ಕ ನೋಡಿ: 41 ಸೋಲೂ ಅವನ ಹೆಸರಿನ ಕೆಳಗೇ ಇವೆ, ಯಾರು ಬೇಕಾದರೂ ಎಣಿಸಬಹುದು. ರೆಸಾರ್ಟಿನ ಕೋಚ್‌ಗೆ ಇಂಥ ಪಟ್ಟಿ ಇಲ್ಲ. ಆರು ತಿಂಗಳಾದ ಮೇಲೆ ಯಾವ ಕೆಲಸ ಸುಧಾರಿಸಿತೆಂದು ಯಾರೂ ಕೇಳುವುದಿಲ್ಲ. ಅವರ ಫಲಿತಾಂಶ ಅಂದೇ ಸಂಜೆ, ಟೀ-ಪಕೋಡದ ಜೊತೆ ಹಂಚುವ ಫೀಡ್‌ಬ್ಯಾಕ್ ಫಾರಂನಲ್ಲಿ ಬರುತ್ತದೆ. ಅರವತ್ತು ಫಾರಂ, ಬಹುಪಾಲು ಐದಕ್ಕೆ ಐದು. ಫಾರಂನ ಮೊದಲ ಸಾಲಿನಲ್ಲೇ ಅಚ್ಚಾಗಿರುತ್ತದೆ: ಹೆಸರು ಬರೆಯುವುದು ಕಡ್ಡಾಯವಲ್ಲ.